ಪೇಟದ ಇನ್ನೊಂದು ತುದಿ

ಈ ತಿಂಗಳು ಬಂದ ಪತ್ರಗಳಲ್ಲಿ ಯುದ್ಧದ ಸಿನಿಮಾಗಳ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಇಪ್ಪತ್ತೆರಡು ವರ್ಷ ಸಿನಿಮಾದ ಕಾಸ್ಟ್ಯೂಮ್ ವಿಭಾಗದಲ್ಲಿ ದುಡಿದವಳು. ಇತಿಹಾಸವನ್ನು ಕಲಿತದ್ದೇ ಬಟ್ಟೆ, ಗುಂಡಿ, ಪೇಟಗಳಿಂದ. ನನ್ನ ಉತ್ತರಗಳೂ ಅಲ್ಲಿಂದಲೇ ಹೊರಡುತ್ತವೆ.

'1917' ಸಿನಿಮಾದಲ್ಲಿ ಬ್ರಿಟಿಷ್ ಸೈನಿಕರ ಲಾರಿಯೊಳಗೆ ಒಬ್ಬ ಸಿಖ್ ಸೈನಿಕ ಕೂತಿರುತ್ತಾನೆ. ನನ್ನ ಗೆಳೆಯ, 'ಇವನನ್ನು ಸುಮ್ನೆ ತುರುಕಿದ್ದಾರೆ, ಈಗಿನ ಕಾಲದವರನ್ನು ಮೆಚ್ಚಿಸೋಕೆ' ಅಂದ. ನಾನು ಜಗಳ ಆಡಿದೆ. ಆದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜಕ್ಕೂ ಅವರು ಅಲ್ಲಿದ್ದರಾ ಮೇಡಂ?
– ಬಿ.ಎ. ಓದುತ್ತಿರುವ ವಿದ್ಯಾರ್ಥಿನಿ

ಇದ್ದರು ಮಗಳೇ. ಸಾವಿರಗಟ್ಟಲೆ ಇದ್ದರು. ನಿನ್ನ ಗೆಳೆಯ ಹೇಳಿದ ಮಾತನ್ನೇ 2020ರ ಜನವರಿಯಲ್ಲಿ ಬ್ರಿಟಿಷ್ ನಟ ಲಾರೆನ್ಸ್ ಫಾಕ್ಸ್ ಕೂಡ ಹೇಳಿದ್ದರು. ಆಮೇಲೆ ಕ್ಷಮೆಯನ್ನೂ ಕೇಳಿದರು.

ಮೊದಲು ಲೆಕ್ಕ ನೋಡು. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೊರದೇಶಗಳಿಗೆ ಹೋದವರು ಸುಮಾರು 13 ಲಕ್ಷ ಜನ. ತೀರಿಕೊಂಡವರು ಸುಮಾರು 74,000. ಡಿವಿಷನ್ ಅಂದರೆ ಸಾವಿರಾರು ಸೈನಿಕರ ದೊಡ್ಡ ದಳ. ಫ್ರಾನ್ಸ್‌ನ ನೆಲಕ್ಕೆ ನಮ್ಮ ಲಾಹೋರ್ ಡಿವಿಷನ್ನಿನವರು ಬಂದಿಳಿದದ್ದು 1914ರ ಸೆಪ್ಟೆಂಬರ್ ಕೊನೆಗೆ, ಮಾರ್ಸೇಲ್ ಬಂದರಿನಲ್ಲಿ. ಹಿಂದೆಯೇ ಮೀರತ್ ಡಿವಿಷನ್ ಬಂತು. ಮೈಮೇಲೆ ಇದ್ದದ್ದು ಬಿಸಿಲ ನಾಡಿಗೆ ಹೊಲಿದ ತೆಳು ಹತ್ತಿಯ ಖಾಕಿ. ಚಳಿಗಾಲದ ಬಟ್ಟೆ ತಡವಾಗಿ ಬಂತು. ನಾನು ಬಟ್ಟೆಯವಳು, ಈ ವಿಷಯ ಓದಿದ ದಿನ ನಿದ್ದೆ ಬರಲಿಲ್ಲ. 1915ರ ಮಾರ್ಚ್‌ನಲ್ಲಿ ನ್ಯೂವ್ ಶಾಪೆಲ್ ಎಂಬ ಊರಿನ ಹತ್ತಿರ ನಡೆದ ದಾಳಿಯಲ್ಲಿ ನುಗ್ಗಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಭಾರತೀಯ ಸೇನೆಯವರು. ಅಲ್ಲೀಗ ಒಂದು ಸ್ಮಾರಕ ಇದೆ. ಗೋಡೆಯ ತುಂಬ 4,700ಕ್ಕೂ ಹೆಚ್ಚು ಹೆಸರುಗಳಿವೆ.

ಈಗ ನಿನ್ನ ಗೆಳೆಯನ ಕಡೆಯಿಂದಲೂ ಸ್ವಲ್ಪ ಯೋಚಿಸೋಣ. ಆ ಸಿನಿಮಾದ ಕಥೆ ನಡೆಯುವುದು 1917ರ ಏಪ್ರಿಲ್ 6ರಂದು. ಭಾರತೀಯ ಕಾಲಾಳುಗಳ ಆ ಎರಡೂ ಡಿವಿಷನ್‌ಗಳು 1915ರ ಕೊನೆಗೇ ಫ್ರಾನ್ಸ್ ಬಿಟ್ಟು ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕ್‌ನ ಕಡೆ ಹೊರಟಿದ್ದವು. ಉಳಿದದ್ದು ಮುಖ್ಯವಾಗಿ ಕುದುರೆ ಪಡೆ. ಆ ವರ್ಷದ ವಸಂತದಲ್ಲಿ ಜರ್ಮನ್ ಸೇನೆ ಹಿಂದೆ ಸರಿದಾಗ ಬೆನ್ನಟ್ಟಿ ಹೋದವರಲ್ಲಿ ಈ ಕುದುರೆ ಪಡೆಯವರೂ ಇದ್ದರು. ಅವರ ಬ್ರಿಗೇಡ್‌ಗಳಲ್ಲಿ ಬ್ರಿಟಿಷ್ ರೆಜಿಮೆಂಟ್, ಭಾರತೀಯ ರೆಜಿಮೆಂಟ್ ಒಟ್ಟಿಗೇ ಇರುತ್ತಿದ್ದವು. ಹಾಗಾಗಿ ಒಬ್ಬ ಸಿಖ್ಖನನ್ನು ಆ ಸುತ್ತಮುತ್ತ ಕಾಣುವುದು ವಿಚಿತ್ರವೇನಲ್ಲ. ಬ್ರಿಟಿಷ್ ಕಾಲಾಳುಗಳ ಲಾರಿಯೊಳಗೆ ಒಬ್ಬನೇ ಕೂತಿರುವುದು ಅಪರೂಪ, ಅಷ್ಟೆ.

ನನಗೆ ಚುಚ್ಚುವುದು ಬೇರೆ ಎರಡು ಸಂಗತಿ. ಪಾತ್ರಪಟ್ಟಿಯಲ್ಲಿ ಅವನ ಹೆಸರು 'ಸೆಪಾಯ್ ಜೊಂಡಲಾರ್'. ಕುದುರೆ ಪಡೆಯಲ್ಲಿ ಸಿಪಾಯಿ ಇರುವುದಿಲ್ಲ, ಅಲ್ಲಿ 'ಸವಾರ್' ಅನ್ನುತ್ತಾರೆ. ಜೊಂಡಲಾರ್ ಅನ್ನುವುದು ಪಂಜಾಬಿ ಹೆಸರಿನ ಹಾಗೆ ಕಿವಿಗೆ ಬೀಳುವುದೂ ಇಲ್ಲ. ಇಡೀ ಸಿನಿಮಾದಲ್ಲಿ ಕಂದಕದ ಮಣ್ಣಿನಿಂದ ಹಿಡಿದು ಎಲ್ಲವನ್ನೂ ಅಷ್ಟು ಜತನದಿಂದ ಕಟ್ಟಿದ್ದಾರೆ. ಆ ಒಬ್ಬನ ಹೆಸರಿಗೂ ಹುದ್ದೆಗೂ ಅದೇ ಜತನ ಸಿಕ್ಕಿಲ್ಲ.

ಎರಡನೆಯದು ಪೇಟ. ಸಿಖ್ಖರ ಪೇಟ ಕಟ್ಟುವುದನ್ನು ಹತ್ತಿರದಿಂದ ನೋಡಿದ್ದೀಯಾ? ಐದಾರು ಮೀಟರ್ ಮಲ್ಮಲ್ ಬಟ್ಟೆ. ಕಟ್ಟುವ ಮೊದಲು ಇಬ್ಬರು ಎದುರುಬದುರು ನಿಂತು, ತುದಿಗಳನ್ನು ಹಿಡಿದು, ಬಿಗಿಯಾಗಿ ಎಳೆದು, ಉದ್ದಕ್ಕೆ ಮಡಿಸುತ್ತಾರೆ. ಇದಕ್ಕೆ ಪಂಜಾಬಿಯಲ್ಲಿ 'ಪೂಣಿ' ಅನ್ನುತ್ತಾರೆ. ಮಡಿಕೆ ಸರಿ ಬಂದರೆ ಮಾತ್ರ ಹಣೆಯ ಮೇಲೆ ಪದರಗಳು ನೇರ ಕೂರುತ್ತವೆ. ಒಬ್ಬರೇ ಇದ್ದರೆ ಬಾಗಿಲ ಚಿಲಕಕ್ಕೆ ಕಟ್ಟಿಯೂ ಎಳೆಯಬಹುದು. ಆದರೆ ಸಾಮಾನ್ಯವಾಗಿ ಅಣ್ಣನೋ ತಮ್ಮನೋ ಜೊತೆಯವನೋ ಇನ್ನೊಂದು ತುದಿ ಹಿಡಿಯುತ್ತಾನೆ. ಆ ಲಾರಿಯ ದೃಶ್ಯ ನೋಡುವಾಗ ನನ್ನ ತಲೆಯಲ್ಲಿ ಓಡಿದ್ದು ಒಂದೇ. ಇವತ್ತು ಬೆಳಿಗ್ಗೆ ಇವನ ಪೇಟದ ಇನ್ನೊಂದು ತುದಿ ಹಿಡಿದವನು ಯಾರು? ಅವನೆಲ್ಲಿ ಹೋದ? ಸಿನಿಮಾ ಅದನ್ನು ಕೇಳುವುದಿಲ್ಲ. ಅವನು ಎಲ್ಲಿಂದಲೋ ಬಂದು ಲಾರಿ ಹತ್ತಿದ್ದಾನೆ, ಎಲ್ಲಿಗೋ ಹೋಗುತ್ತಾನೆ.

ಇನ್ನೊಂದು ಸಂಗತಿ ಹೇಳಲೇಬೇಕು. ಆ ಸಿನಿಮಾದ ಕಥೆ ಏನು? ಗುಂಡಿನ ಮಳೆಯ ನಡುವೆ ಒಂದು ಸಂದೇಶ ತಲುಪಿಸುವುದು, ಅಲ್ವಾ? ಅದೇ 1917ರ ಡಿಸೆಂಬರ್ 1ರಂದು, ಅದೇ ಫ್ರಾನ್ಸ್‌ನಲ್ಲಿ, ಕಾಂಬ್ರೇ ಕದನದ ಹೊತ್ತಿನಲ್ಲಿ, ಲಾನ್ಸ್ ದಫೇದಾರ್ ಗೋಬಿಂದ್ ಸಿಂಗ್ ಅನ್ನುವವರು ತಮ್ಮ ರೆಜಿಮೆಂಟಿಗೂ ಬ್ರಿಗೇಡ್ ಕಚೇರಿಗೂ ನಡುವೆ ಸಂದೇಶ ಒಯ್ಯಲು ತಾವಾಗಿ ಮುಂದೆ ಬಂದರು. ಒಂದೂವರೆ ಮೈಲಿ ಬಯಲು. ಮರೆಗೆ ಏನೂ ಇಲ್ಲ. ಮೂರು ಸಲ ಹೋದರು. ಮೂರು ಸಲವೂ ಕುದುರೆಗೆ ಗುಂಡು ತಗುಲಿ ಬಿತ್ತು. ಮೂರು ಸಲವೂ ಉಳಿದ ದಾರಿಯನ್ನು ಕಾಲ್ನಡೆಯಲ್ಲಿ ಮುಗಿಸಿ ಸಂದೇಶ ಮುಟ್ಟಿಸಿದರು. ಅವರಿಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. 'ಸಿಂಗ್' ಅಂತ ಇದೆ ಎಂದು ಸಿಖ್ ಪೇಟ ಕಟ್ಟಿಸಬೇಡಿ, ಅವರು ರಾಜಸ್ಥಾನದ ರಜಪೂತರು.

ಮುಂದಿನ ಸಲ ಗೆಳೆಯ 'ತುರುಕಿದ್ದಾರೆ' ಅಂದರೆ ಈ ಕಥೆ ಹೇಳು. ಇನ್ನೊಬ್ಬರ ಲಾರಿಯಲ್ಲಿ ನಮ್ಮವನಿಗೊಂದು ಸೀಟು ಕೊಟ್ಟರು ಅಂತ ನಾವು ಖುಷಿಪಡುತ್ತಿದ್ದೇವೆ. ಆ ವರ್ಷದ ಆ ಕಥೆಯೇ ಅವನದಾಗಿತ್ತು.

ನಿರ್ದೇಶಕನಿಗೆ ತನ್ನ ಕಥೆ ಆಯ್ದುಕೊಳ್ಳುವ ಸ್ವಾತಂತ್ರ್ಯ ಇಲ್ಲವೇ? 'ಡನ್‌ಕರ್ಕ್' ಬಂದಾಗಲೂ ಭಾರತೀಯರು ಕಾಣಲಿಲ್ಲ ಎಂದು ಗಲಾಟೆ ಮಾಡಿದರು. ಎಲ್ಲ ಸಿನಿಮಾದಲ್ಲೂ ಎಲ್ಲರೂ ಇರಬೇಕಾ?
– ನಿವೃತ್ತ ಬ್ಯಾಂಕ್ ಉದ್ಯೋಗಿ

ಇರಬೇಕಿಲ್ಲ ಸರ್. ಈ ಮಾತಲ್ಲಿ ನಾನು ನಿಮ್ಮ ಜೊತೆಗಿದ್ದೇನೆ. ಇಲ್ಲದ ಕಡೆ ತಂದು ನಿಲ್ಲಿಸಿದರೆ ಅದು ಸತ್ತವರಿಗೆ ಮಾಡುವ ಗೌರವವಲ್ಲ. ಆದರೆ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಹಡಗು ಹತ್ತಿ ಪಾರಾದ ಫ್ರಾನ್ಸ್‌ನ ಕಡಲತೀರದ ಊರು ಡನ್‌ಕರ್ಕ್. ಅಲ್ಲಿ ಅವರಿದ್ದರು. 1939ರ ಡಿಸೆಂಬರ್‌ನಲ್ಲಿ ಭಾರತದಿಂದ ನಾಲ್ಕು ಹೇಸರಗತ್ತೆ ಸಾಗಣೆ ಕಂಪನಿಗಳು ಫ್ರಾನ್ಸ್‌ಗೆ ಬಂದಿದ್ದವು. ಬ್ರಿಟಿಷ್ ಸೇನೆ ಮೋಟಾರು ವಾಹನಗಳಿಗೆ ಬದಲಾಗಿತ್ತು. ಹಿಮ, ಕೆಸರು ಬಂದಾಗ ಪ್ರಾಣಿಗಳೇ ಬೇಕಾದವು. ಈ ಕಂಪನಿಗಳಲ್ಲಿದ್ದವರು ಹೆಚ್ಚಾಗಿ ಪಂಜಾಬಿನ ಮುಸ್ಲಿಮರು. 1940ರ ಮೇ ತಿಂಗಳಲ್ಲಿ ಎಲ್ಲರೂ ಸಮುದ್ರದ ಕಡೆ ಓಡಿದಾಗ ಅವರೂ ಬಂದರು. ಒಂದು ಕಂಪನಿ ಜರ್ಮನ್ನರ ಕೈಗೆ ಸಿಕ್ಕಿತು. ಉಳಿದವರು ತಾವೇ ಸಾಕಿದ ಪ್ರಾಣಿಗಳನ್ನು ಬಿಟ್ಟು ಹಡಗು ಹತ್ತಬೇಕಾಯಿತು.

ಅಲ್ಲಿಂದ ಪಾರಾದವರು 3,38,000 ಜನ. ಅದರಲ್ಲಿ ಇವರದು ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಇಡೀ ಸಿನಿಮಾ ಅವರದಾಗಲಿ ಅಂತ ಯಾರೂ ಕೇಳಲಿಲ್ಲ. ಹೇಸರಗತ್ತೆಯ ಕೊರಳ ಹಗ್ಗ ಬಿಚ್ಚಿ, ಅದರ ಬೆನ್ನು ತಟ್ಟಿ ಹೊರಡುವ ಒಬ್ಬ ಮನುಷ್ಯ. ಹತ್ತು ಸೆಕೆಂಡಿನ ಶಾಟ್. ಮಾತೂ ಬೇಡ. ಆ ಮರಳಿನ ಮೇಲೆ ಅದಕ್ಕೆ ಜಾಗ ಇತ್ತು.

ಸ್ವಾತಂತ್ರ್ಯದ ಮಾತು ಬಂದಾಗ ನನಗೆ ಒಂದು ಚಿತ್ರ ನೆನಪಾಗುತ್ತದೆ. ಮೊದಲ ಮಹಾಯುದ್ಧ ನಡೆಯುತ್ತಿರುವಾಗಲೇ ಪ್ಯಾರಿಸ್‌ನ ಕಲಾವಿದರು ಮಿತ್ರದೇಶಗಳ ಸಾವಿರಾರು ಜನರನ್ನು ತೋರಿಸುವ ಭಾರೀ ಚಿತ್ರವೊಂದನ್ನು ಬರೆಯುತ್ತಿದ್ದರು. ಅದರಲ್ಲಿ ಚೀನೀ ಕೆಲಸಗಾರರೂ ಇದ್ದರು. ಅವರು ಸುಮಾರು 1,40,000 ಜನ ಬಂದು ಫ್ರಾನ್ಸ್‌ನಲ್ಲಿ ಕಂದಕ ಅಗೆದು, ರೈಲು ಹಳಿ ಹಾಕಿ, ಸಾಮಾನು ಹೊತ್ತವರು. 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಅಮೆರಿಕನ್ನರಿಗೆ ಜಾಗ ಬೇಕಾಯಿತು. ಚೀನೀಯರ ಮೇಲೆ ಬಣ್ಣ ಬಳಿದರು. ಇಲ್ಲದವರನ್ನು ಸೇರಿಸುವುದು ಸುಳ್ಳು ಅಂತ ನಾವು ಬೇಗ ಗುರುತಿಸುತ್ತೇವೆ. ಇದ್ದವರನ್ನು ಅಳಿಸಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಬಣ್ಣ ಒಣಗಿರುತ್ತದೆ.

ನಾನು ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ಬಗ್ಗೆ ಕಿರುಚಿತ್ರ ಬರೆಯುತ್ತಿದ್ದೇನೆ. ಬಜೆಟ್ ಕಡಿಮೆ. ಎಂಟು ಜನ ನಟರು. 'ಎಲ್ಲರನ್ನೂ ಸೇರಿಸಿದೆ' ಅನ್ನುವ ತೋರಿಕೆ ಆಗಬಾರದು. ಏನು ಗಮನಿಸಲಿ ಅಕ್ಕಾ?
– ಹೊಸ ಬರಹಗಾರ

ತಮ್ಮಾ, ನಾನೇ ಮಾಡಿದ ತಪ್ಪಿನಿಂದ ಶುರು ಮಾಡುತ್ತೇನೆ. ಬಹಳ ವರ್ಷದ ಹಿಂದೆ ಒಂದು ಸಿನಿಮಾಗೆ ಅರವತ್ತು ಜನ ಜೂನಿಯರ್ ಆರ್ಟಿಸ್ಟ್‌ಗಳಿಗೆ ಬ್ರಿಟಿಷ್ ಕಾಲದ ಭಾರತೀಯ ಸೈನಿಕರ ವೇಷ ಹಾಕಬೇಕಿತ್ತು. ಬಾಡಿಗೆಗೆ ಬಂದದ್ದು ಟೋಪಿಯ ಹಾಗೆ ಹೊಲಿದಿಟ್ಟ ರೆಡಿ ಪೇಟ. ಎಲ್ಲ ಒಂದೇ ಬಣ್ಣ, ಒಂದೇ ಆಕಾರ. ಬೆಳಗಿನ ಜಾವ ನಾಲ್ಕು ಗಂಟೆಗೆ ನಾನು ಬಟ್ಟೆ ಹರಿದು, ಬೇರೆ ಬೇರೆ ಕಟ್ಟು ಕಟ್ಟತೊಡಗಿದೆ. ಸಿಖ್ಖರಿಗೆ ಒಂದು ಬಗೆ. ಪಂಜಾಬಿ ಮುಸ್ಲಿಮರಿಗೆ ಮೊನಚಾದ ಕುಲ್ಲಾ ಟೋಪಿಯ ಸುತ್ತ ಕಟ್ಟಿ ಹಿಂದೆ ಬಾಲ ಬಿಡುವ ಬಗೆ. ಗೂರ್ಖಾಗಳಿಗೆ ಪೇಟವೇ ಇಲ್ಲ, ಅಗಲ ಅಂಚಿನ ಹ್ಯಾಟ್. ಹನ್ನೆರಡು ಜನರದು ಮುಗಿಯುವಷ್ಟರಲ್ಲಿ ಲೈಟ್ ರೆಡಿ ಆಯಿತು. 'ಇದನ್ನೆಲ್ಲ ಯಾರು ನೋಡ್ತಾರೆ, ಬಿಡಿ' ಅಂದರು. ನಾನು ಬಿಟ್ಟೆ. ಮುಂದಿನ ಸಾಲಿನ ಹನ್ನೆರಡು ಜನ ಮನುಷ್ಯರಾದರು. ಹಿಂದಿನ ನಲವತ್ತೆಂಟು ಜನ ಗುಂಪಾಗಿ ಉಳಿದರು. ಇವತ್ತಿಗೂ ಆ ಶಾಟ್ ಬಂದರೆ ನನ್ನ ಕಣ್ಣು ಹಿಂದಿನ ಸಾಲಿಗೇ ಹೋಗುತ್ತದೆ. ಆ ದಿನ ಇನ್ನೊಂದು ಗಂಟೆ ಕೇಳಬೇಕಿತ್ತು.

ನಿಮ್ಮ ಹತ್ತಿರ ಎಂಟೇ ಜನ ಇದ್ದಾರೆ. ಅದು ಅನುಕೂಲವೇ. ಪ್ರತಿಯೊಬ್ಬನಿಗೂ ಊರು, ಭಾಷೆ, ಹುದ್ದೆ ಬರೆದಿಟ್ಟುಕೊಳ್ಳಿ. ಎಂಟೂ ಜನರನ್ನು ಸಿಖ್ಖರನ್ನಾಗಿ ಮಾಡಬೇಡಿ. ಆ ಯುದ್ಧದಲ್ಲಿ ಅತಿ ದೊಡ್ಡ ಗುಂಪು ಪಂಜಾಬಿ ಮುಸ್ಲಿಮರದು. ಪಠಾಣರು, ಡೋಗ್ರಾಗಳು, ಗಢವಾಲಿಗಳು, ಜಾಟರು, ಗೂರ್ಖಾಗಳು ಎಲ್ಲ ಇದ್ದರು. ಭಾರತೀಯ ಸೈನಿಕರಲ್ಲಿ ವಿಕ್ಟೋರಿಯಾ ಕ್ರಾಸ್‌ಗೆ ಮೊದಲು ಪಾತ್ರರಾದ ಖುದಾದಾದ್ ಖಾನ್ ಬಲೂಚಿ ರೆಜಿಮೆಂಟಿನವರು. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕೆಯಲ್ಲಿ ಮೆಷಿನ್ ಗನ್ ಹಿಡಿದು ಕಡೇತನಕ ನಿಂತವರು. ಎಂಟರಲ್ಲಿ ಒಬ್ಬ ನೀರು ಹೊರುವ ಭಿಸ್ತಿಯಾಗಲಿ, ಅಥವಾ ಅಡುಗೆಯವನಾಗಲಿ. ಬಂದೂಕು ಹಿಡಿಯದವರೂ ಅಲ್ಲಿ ಸತ್ತಿದ್ದಾರೆ. ಅವರ ಹೆಸರುಗಳೇ ಜಾಸ್ತಿ ಕಳೆದುಹೋದದ್ದು. ಯುದ್ಧದ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ 2021ರಲ್ಲಿ ತಾನೇ ಒಪ್ಪಿಕೊಂಡಿತು. ಕಡಿಮೆ ಅಂದರೂ 1,16,000 ಜನರಿಗೆ ಹೆಸರಿನ ಸ್ಮರಣೆಯೇ ಸಿಕ್ಕಿಲ್ಲ. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು.

ಮಾತಿನ ಬಗ್ಗೆ ತುಂಬ ಯೋಚಿಸಿ. ಈ ಸೈನಿಕರು ಮನೆಗೆ ಬರೆದ ಕಾಗದಗಳನ್ನು ಸೆನ್ಸಾರ್ ಅಧಿಕಾರಿಗಳು ತೆರೆದು, ಇಂಗ್ಲಿಷಿಗೆ ಅನುವಾದಿಸಿ ಇಟ್ಟುಕೊಂಡಿದ್ದರು. ಅದರಿಂದಲೇ ಅವರ ಮನಸ್ಸು ಇವತ್ತು ನಮಗೆ ಸಿಗುತ್ತದೆ. ಸೆನ್ಸಾರ್ ಕಣ್ಣು ತಪ್ಪಿಸಲು ಅವರು ಭಾರತೀಯ ಸೈನಿಕರಿಗೆ ಕರಿಮೆಣಸು, ಬ್ರಿಟಿಷ್ ಸೈನಿಕರಿಗೆ ಕೆಂಪು ಮೆಣಸು ಅಂತ ಗುಟ್ಟಿನ ಹೆಸರಿಟ್ಟಿದ್ದರು. ಕರಿಮೆಣಸು ಮುಗಿಯುತ್ತಾ ಬಂತು ಅಂತ ಬರೆದರೆ ಊರಿನವರಿಗೆ ಅರ್ಥವಾಗುತ್ತಿತ್ತು. ಇಷ್ಟು ಜಾಣ ಜನರಿಗೆ ಸಿನಿಮಾದಲ್ಲಿ 'ಜೀ ಸಾಹೇಬ್' ಬಿಟ್ಟರೆ ಮಾತೇ ಇರುವುದಿಲ್ಲ. ನಿಮ್ಮ ಚಿತ್ರದಲ್ಲಿ ಒಬ್ಬ ಕಾಗದ ಬರೆಯಲಿ. ಇನ್ನೊಬ್ಬನಿಗೆ ಅಕ್ಷರ ಬಾರದೆ ಅವನಿಂದ ಬರೆಸಲಿ. ಬರೆಸುವಾಗ ಏನನ್ನು ನುಂಗಿಕೊಳ್ಳುತ್ತಾನೆ ನೋಡಿ. ನಿಮ್ಮ ಸಿನಿಮಾ ಅಲ್ಲೇ ಇದೆ.

ಬ್ರಿಟಿಷ್ ಪಾತ್ರಗಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಬೇಡಿ. ವಾಲ್ಟರ್ ಟಲ್ ಅಂತ ಒಬ್ಬರಿದ್ದರು. ಇಂಗ್ಲೆಂಡಿನಲ್ಲೇ ಹುಟ್ಟಿದ ಕಪ್ಪು ಫುಟ್‌ಬಾಲ್ ಆಟಗಾರ. ಸೇನೆಯ ನಿಯಮವೇ ಅಡ್ಡ ಇದ್ದರೂ ಅಧಿಕಾರಿಯಾಗಿ ಬಿಳಿಯರನ್ನು ಮುನ್ನಡೆಸಿದರು. 1918ರ ಮಾರ್ಚ್‌ನಲ್ಲಿ ಫ್ರಾನ್ಸ್‌ನಲ್ಲಿ ಸತ್ತರು.

ಮತ್ತೆ ಪೇಟ. ಒಬ್ಬ ಸಿಖ್ಖನನ್ನು ಬರೆದರೆ ಇನ್ನೊಬ್ಬನನ್ನೂ ಬರೆಯಿರಿ. ಇಬ್ಬರು ಬಟ್ಟೆ ಎಳೆದು ಮಡಿಸಲಿ. ಅರ್ಧ ಸಿನಿಮಾ ಕಳೆದ ಮೇಲೆ ಒಬ್ಬನೇ ಉಳಿದು, ಅದೇ ಬಟ್ಟೆಯನ್ನು ಗೂಟಕ್ಕೆ ಕಟ್ಟಿ ಎಳೆಯಲಿ. ಬೇರೆ ಏನೂ ತೋರಿಸಬೇಕಿಲ್ಲ.

ಸಿನಿಮಾ ಅಂದ್ರೆ ಸಿನಿಮಾ ಅಷ್ಟೆ. ಯಾರನ್ನು ತೋರಿಸಿದರೆ, ಬಿಟ್ಟರೆ ಯಾರ ಹೊಟ್ಟೆ ತುಂಬುತ್ತೆ?
– ಹೆಸರು ಬೇಡ ಎಂದ ಓದುಗರು

ಹೊಟ್ಟೆ ತುಂಬಿದ್ದೂ ಇದೆ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಪರ ಹೋರಾಡಿದ ಉತ್ತರ ಆಫ್ರಿಕಾದ ಸೈನಿಕರ ಬಗ್ಗೆ ರಶೀದ್ ಬುಶಾರೆಬ್ ನಿರ್ದೇಶಿಸಿದ ಚಿತ್ರ 2006ರಲ್ಲಿ ಬಂತು. ಅದರ ನಟರಿಗೆ ಒಟ್ಟಾಗಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು. ಆ ಯುದ್ಧದಲ್ಲಿ ನಿಜವಾಗಿ ಹೋರಾಡಿ ಈಗ ಮುದುಕರಾಗಿದ್ದ ಆ ಸೈನಿಕರ ಪಿಂಚಣಿಯನ್ನು ಫ್ರಾನ್ಸ್ 1959ರಲ್ಲೇ ಏರದಂತೆ ತಡೆದು ನಿಲ್ಲಿಸಿತ್ತು. ಫ್ರೆಂಚ್ ಸೈನಿಕರಿಗೆ ಸಿಗುವುದಕ್ಕಿಂತ ಎಷ್ಟೋ ಕಡಿಮೆ. ಅಧ್ಯಕ್ಷ ಜಾಕ್ ಶಿರಾಕ್ ಆ ಸಿನಿಮಾ ನೋಡಿದರು. ಅದೇ ವರ್ಷ ಆ ಪಿಂಚಣಿಗಳನ್ನು ಸಮ ಮಾಡುವ ತೀರ್ಮಾನ ಹೊರಬಿತ್ತು.

ಯುದ್ಧದ ಸಿನಿಮಾದಲ್ಲಿ ಹೆಂಗಸರು ಯಾಕೆ ಬರೀ ಅಳುವವರು, ಕಾಯುವವರು?
– ಶಾಲಾ ಶಿಕ್ಷಕಿ

ಕ್ಯಾಮೆರಾ ಕಂದಕದಿಂದ ಎದ್ದು ಬರುವುದೇ ಇಲ್ಲವಲ್ಲ, ಅದಕ್ಕೆ. ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ರಾಯಲ್ ಪೆವಿಲಿಯನ್ ಅನ್ನುವ ಅರಮನೆಯನ್ನು 1914ರ ಕೊನೆಯಲ್ಲಿ ಭಾರತೀಯ ಗಾಯಾಳುಗಳ ಆಸ್ಪತ್ರೆ ಮಾಡಿದ್ದರು. ಅವರವರ ಆಚಾರಕ್ಕೆ ತಕ್ಕಂತೆ ಒಂಬತ್ತು ಅಡುಗೆಮನೆ. ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ನೀರಿನ ನಲ್ಲಿ. ಇಷ್ಟೆಲ್ಲ ಕಾಳಜಿ ಮಾಡಿದ ಅಧಿಕಾರಿಗಳು ಬಿಳಿ ನರ್ಸ್‌ಗಳು ಈ ಗಂಡಸರನ್ನು ಮುಟ್ಟಿ ಆರೈಕೆ ಮಾಡುವುದಕ್ಕೆ ಮಾತ್ರ ತಡೆ ಹಾಕಿದರು. ಮೇಲ್ವಿಚಾರಣೆ ಮಾಡಿದರೆ ಸಾಕು ಅಂದರು. ಆ ವಾರ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತ ಒಬ್ಬ ನರ್ಸ್, ಮಂಚದ ಮೇಲೆ ಒಬ್ಬ ಗಢವಾಲಿ ಹುಡುಗ. ಈ ಸಿನಿಮಾ ನೋಡಲು ನಾನು ಕಾಯುತ್ತಿದ್ದೇನೆ.

ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಇದ್ದರಂತೆ. ಮನೆಯಲ್ಲಿ ಸಮವಸ್ತ್ರದ ಒಂದೇ ಫೋಟೋ ಇದೆ. ಯಾವ ಸಿನಿಮಾದಲ್ಲೂ ನಮ್ಮವರನ್ನು ಕಂಡಿಲ್ಲ. ಫೋಟೋ ನೋಡಿ ಏನಾದರೂ ತಿಳಿಯಬಹುದಾ?
– ಗೃಹಿಣಿ

ತಿಳಿಯಬಹುದು. ಮೈಸೂರು ಲ್ಯಾನ್ಸರ್ಸ್ ಅಂದರೆ ಮೈಸೂರು ಸಂಸ್ಥಾನದ ಕುದುರೆ ಪಡೆ. ಮೊದಲು ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ಕಾದವರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಜೋಧ್‌ಪುರದ ಸವಾರರು ಊರಿನೊಳಕ್ಕೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡೆಯಿಂದ ತುರ್ಕಿ ಸೇನೆಯ ಫಿರಂಗಿ, ಮೆಷಿನ್ ಗನ್ನುಗಳ ಮೇಲೆ ಬಿದ್ದರು. ಅವತ್ತು ಸೆರೆ ಸಿಕ್ಕವರು 1,350 ಜನ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧ್‌ಪುರ, ಹೈದರಾಬಾದ್, ಮೈಸೂರು ಪಡೆಗಳವು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕ ಇದೆ, ಒಮ್ಮೆ ಹೋಗಿ ಬನ್ನಿ.

ಈಗ ಫೋಟೋ. ಮೊದಲು ಕಾಲು ನೋಡಿ. ಮೊಣಕಾಲ ಕೆಳಗೆ ಸುತ್ತಿದ ಬಟ್ಟೆಯ ಪಟ್ಟಿ ಇರುತ್ತದೆ. ಕಾಲಾಳುಗಳು ಅದನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ ಮೊಣಕಾಲ ಹತ್ತಿರ ಕಟ್ಟುತ್ತಿದ್ದರು. ಕುದುರೆ ಸವಾರರು ಮೇಲಿನಿಂದ ಕೆಳಕ್ಕೆ ಸುತ್ತಿ ಪಾದದ ಹತ್ತಿರ ಕಟ್ಟುತ್ತಿದ್ದರು. ಗಂಟು ಎಲ್ಲಿದೆ ನೋಡಿ. ಎದೆಗೆ ಅಡ್ಡವಾಗಿ ಗುಂಡುಗಳ ಚರ್ಮದ ಪಟ್ಟಿ ಇದೆಯಾ? ಅದೂ ಸವಾರರ ಗುರುತು. ಭುಜದ ಮೇಲೆ ಹಿತ್ತಾಳೆಯ ಅಕ್ಷರಗಳಿದ್ದರೆ ಭೂತಗನ್ನಡಿ ಹಿಡಿದು ಓದಿ. ಬಣ್ಣವನ್ನು ಮಾತ್ರ ಫೋಟೋ ನಂಬಿ ಊಹಿಸಬೇಡಿ. ಆ ಕಾಲದ ಫಿಲ್ಮಿನಲ್ಲಿ ಕೆಂಪು ಕಪ್ಪಗೆ ಕಾಣುತ್ತದೆ, ನೀಲಿ ಬೆಳ್ಳಗೆ.

ಫ್ರೇಮಿನ ಹಿಂಬದಿಯನ್ನೂ ನೋಡಿ. ಸ್ಟುಡಿಯೋದ ಮುದ್ರೆ ಇದ್ದರೆ ಯಾವ ಊರಿನಲ್ಲಿ ತೆಗೆಸಿದ್ದು ಅಂತ ಗೊತ್ತಾಗುತ್ತದೆ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ದಯವಿಟ್ಟು ಎಳೆಯಬೇಡಿ. ಗಾಜಿನ ಸಮೇತ ಪ್ರತಿ ತೆಗೆಸಿ. ಮುತ್ತಜ್ಜನ ಹೆಸರನ್ನು ಆ ಪ್ರತಿಯ ಹಿಂದೆ ಪೆನ್ಸಿಲಿನಲ್ಲಿ ಬರೆದು ನನಗೊಂದು ಕಳಿಸಿ. ಪಟ್ಟಿಯ ಗಂಟು ನಾನೂ ನೋಡುತ್ತೇನೆ.